ಫೋಟೋ ಚಿಕ್ಕದು ಮಾಡುವ ಮುನ್ನ

ಬೇಸಿಗೆ ರಜೆ ಮುಗಿಸಿ ಊರಿನಿಂದ ಬಂದ ಮೇಲೆ ನಮ್ಮೆಲ್ಲರ ಮನೆಗಳಲ್ಲಿ ಕೇಳುವ ಮಾತು ಒಂದೇ: "ಫೋನಿನಲ್ಲಿ ಜಾಗವೇ ಇಲ್ಲ." ಆಗ ಕೆಲವರು ಫೋಟೋ ಅಳಿಸುತ್ತಾರೆ, ಕೆಲವರು ಚಿಕ್ಕದು ಮಾಡಿ ಇಡುತ್ತಾರೆ. ಅಜ್ಜ-ಅಜ್ಜಿಯರ ಫೋಟೋಗಳೂ ಆ ರಾಶಿಯಲ್ಲೇ ಇರುತ್ತವೆ. ಆದ್ದರಿಂದ ಚಿಕ್ಕದು ಮಾಡಿದಾಗ ಏನು ಹೋಗುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಮಕ್ಕಳೇ, ನಿಮ್ಮ ಲೆಕ್ಕದ ಚೌಕಳಿ ಪುಸ್ತಕವನ್ನು ನೆನಪಿಸಿಕೊಳ್ಳಿ. ಒಂದೊಂದು ಮನೆಗೂ ಒಂದೊಂದು ಬಣ್ಣ ತುಂಬಿದರೆ ದೂರದಿಂದ ಚಿತ್ರ ಕಾಣುತ್ತದೆ. ಡಿಜಿಟಲ್ ಫೋಟೋ ಕೂಡ ಹಾಗೆಯೇ. ಆ ಮನೆಗೆ ಪಿಕ್ಸೆಲ್ ಎಂದು ಹೆಸರು. ಅಗಲಕ್ಕೆ 4000, ಎತ್ತರಕ್ಕೆ 3000 ಪಿಕ್ಸೆಲ್ ಇದ್ದರೆ ಒಟ್ಟು 1 ಕೋಟಿ 20 ಲಕ್ಷ, ಅಂದರೆ 12 ಮೆಗಾಪಿಕ್ಸೆಲ್. ಪಿಕ್ಸೆಲ್ ಒಂದಕ್ಕೆ 3 ಬೈಟ್‌ನಂತೆ 36 ಎಂಬಿ ಆಗಬೇಕು. ಆದರೆ ಫೋನಿನಲ್ಲಿ ನೋಡಿದರೆ ಅದೇ ಫೋಟೋ ಸಾಮಾನ್ಯವಾಗಿ 3-5 ಎಂಬಿ ಇರುತ್ತದೆ!

ಇದು 1992ರಲ್ಲಿ ಬಂದ ಜೆಪೆಗ್ ಎಂಬ ವಿಧಾನದ ಕೆಲಸ. ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಮಾಡಿ, ನಮ್ಮ ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸೂಕ್ಷ್ಮಗಳನ್ನು ಅದು ಬಿಟ್ಟುಬಿಡುತ್ತದೆ. 'ಕ್ವಾಲಿಟಿ' ಕಡಿಮೆ ಮಾಡಿದಷ್ಟೂ ಹೆಚ್ಚು ಬಿಡುತ್ತದೆ. ಬಿಟ್ಟದ್ದು ಮತ್ತೆ ಬಾರದು. ಫೋಟೋ ತೆರೆದು ನೋಡಿದರೆ ಅಥವಾ ಕಾಪಿ ಮಾಡಿದರೆ ಏನೂ ನಷ್ಟವಿಲ್ಲ. ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದರೆ ಮಾತ್ರ ಜೆರಾಕ್ಸ್‌ನ ಜೆರಾಕ್ಸ್ ತೆಗೆದಂತೆ.

ಎಷ್ಟು ಪಿಕ್ಸೆಲ್ ಬೇಕು ಎನ್ನುವುದು ಫೋಟೋ ಯಾವುದಕ್ಕೆ ಎಂಬುದರ ಮೇಲೆ ಹೋಗುತ್ತದೆ. ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ. 4×6 ಇಂಚಿಗೆ 1200×1800 ಸಾಕು. ಎ4 ಹಾಳೆಗೆ ಸುಮಾರು 2480×3508 ಬೇಕು. ನಮ್ಮ ಶಾಲೆಯ ತಾಯಿಯೊಬ್ಬರು ತೀರಿಕೊಂಡ ತಮ್ಮ ತಂದೆಯ ಫೋಟೋಗೆ ಕಟ್ಟು ಹಾಕಿಸಲು ಹೋದರು. ಕೈಯಲ್ಲಿದ್ದದ್ದು ಕುಟುಂಬದ ಗುಂಪಿಗೆ ಯಾರೋ ಕಳಿಸಿದ್ದ 1200×900ರ ಪ್ರತಿ. ಮೂಲ ಫೋಟೋ ಊರಿನಲ್ಲಿ ತಮ್ಮನ ಫೋನಿನಿಂದ ಯಾವಾಗಲೋ ಅಳಿಸಿಹೋಗಿತ್ತು. 12 ಇಂಚಿಗೆ ಹಿಗ್ಗಿಸಿದಾಗ ಇಂಚಿಗೆ ನೂರೇ ಪಿಕ್ಸೆಲ್ ಉಳಿದು, ತಂದೆಯ ಮುಖದ ಗೆರೆಗಳೆಲ್ಲ ಕಲೆಸಿಹೋದವು. ಅಂಗಡಿಯವನು ತಾನೇ ಏನು ಮಾಡಿಯಾನು?

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ: ಮೂಲವನ್ನು ದೊಡ್ಡದಾಗಿಯೇ ಇಡಿ, ಕಳಿಸಲು ಬೇರೆ ಚಿಕ್ಕ ಪ್ರತಿ ಮಾಡಿ. ಮುಖ್ಯವಾದ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಆಗಿ ಕಳಿಸಿದರೆ ಅದು ಕುಗ್ಗುವುದಿಲ್ಲ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದೆ ಉಚಿತವಾಗಿ ಇಡುವ ಸೌಲಭ್ಯ 2021ರ ಜೂನ್ 1ಕ್ಕೆ ಮುಗಿಯಿತು. ಈಗಿನ ಉಚಿತ 15 ಜಿಬಿಯಲ್ಲಿ ನಿಮ್ಮ ಮೇಲ್‌ಗಳೂ ಪಾಲುದಾರರು. ಅಲ್ಲಿ 'ಸ್ಟೋರೇಜ್ ಸೇವರ್' ಆರಿಸಿದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋಗಳು ಆ ಅಳತೆಗೆ ಇಳಿಯುತ್ತವೆ. ವಾರ್ಷಿಕೋತ್ಸವದ ಫೋಟೋಗಳಿಗೆ ಇದು ಧಾರಾಳವಾಯಿತು. ಹಿರಿಯರ ಫೋಟೋಗಳನ್ನು ಮಾತ್ರ ಮೂಲ ರೂಪದಲ್ಲೇ ಒಂದು ಹಾರ್ಡ್ ಡಿಸ್ಕ್‌ನಲ್ಲೂ ಇಡಿ. ಜಾಗ ಬೇಕೆಂದರೆ ಮೊದಲು ಗುಡ್ ಮಾರ್ನಿಂಗ್ ಹೂಗಳನ್ನು ಅಳಿಸಬಹುದಲ್ಲ!

ಮುಂದಿನ ರಜೆಯಲ್ಲಿ ಊರಿನ ಆಲ್ಬಮ್‌ನ ಹಳೆಯ 4×6 ಫೋಟೋಗಳನ್ನು ಸ್ಕ್ಯಾನ್ ಮಾಡಿಸುವವರು, 600 ಡಿಪಿಐ ಬೇಕೆಂದು ಅಂಗಡಿಯಲ್ಲಿ ಮೊದಲೇ ಹೇಳಿ. 2400×3600 ಪಿಕ್ಸೆಲ್ ಸಿಗುತ್ತದೆ, ಎ4 ಅಳತೆಯ ಕಟ್ಟಿಗೂ ಸಾಲುತ್ತದೆ. ಬರುವಾಗ ಪೆನ್‌ಡ್ರೈವ್‌ನಲ್ಲೇ ತನ್ನಿ.