ಕೆನ್ನೆ ಉಜ್ಜಿದರೆ ಪಾಠ, ಚೀಟಿ ಕೊಟ್ಟರೆ ತಕರಾರು!

ಕಾಲೇಜು ಸೇರುವ ಮೊದಲೇ ಮಾಸ್ತರರು ನಿಮ್ಮ ಮಗನ ಎಂಜಲು ಕೇಳಿದರೆ ಏನಂತೀರಿ? ತಮಾಷೆ ಅಲ್ಲ ಸ್ವಾಮಿ. 2010ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಕೇಳಿಯೇಬಿಟ್ಟಿತು.

ಹೊಸದಾಗಿ ಸೇರಲಿದ್ದ 5,000ಕ್ಕೂ ಹೆಚ್ಚು ಹುಡುಗ ಹುಡುಗಿಯರಿಗೆ ಟಪಾಲಿನಲ್ಲಿ ಹತ್ತಿ ಸುತ್ತಿದ ಕಡ್ಡಿ ಹೋಯಿತು. ಕೆನ್ನೆಯ ಒಳಗೆ ಉಜ್ಜಿ ವಾಪಸ್ ಕಳಿಸಿ, ಇಷ್ಟವಿದ್ದರೆ ಮಾತ್ರ ಎಂದು ಒಕ್ಕಣೆ. ನೋಡುವುದು ಮೂರೇ ಸಂಗತಿ: ಹಾಲು ಅರಗುತ್ತದೋ ಇಲ್ಲವೋ, ಮದ್ಯವನ್ನು ದೇಹ ಹೇಗೆ ಅರಗಿಸುತ್ತದೆ, ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಜೀವಸತ್ವವನ್ನು ಹೇಗೆ ಬಳಸುತ್ತದೆ. ಇವುಗಳ ಹಿಂದಿರುವ ಜೀನುಗಳನ್ನು ಪರೀಕ್ಷಿಸಿ ಪ್ರತಿಯೊಬ್ಬರಿಗೂ ಅವರವರ ಫಲಿತಾಂಶ ಕೊಡೋದು, ಅದನ್ನೇ ಹಿಡಿದು ಪಾಠ ಮಾಡೋದು ಎಂಬುದು ಲೆಕ್ಕಾಚಾರ.

ಲೆಕ್ಕಾಚಾರ ತಪ್ಪೇನಲ್ಲ. ಮೆಂಡೆಲ್‌ನ ಬಟಾಣಿ ಗಿಡದ ಪಾಠಕ್ಕೆ ಆಕಳಿಸುವ ಹುಡುಗ, ಹಾಲು ಕುಡಿದರೆ ತನ್ನ ಹೊಟ್ಟೆ ಯಾಕೆ ಉಬ್ಬರಿಸುತ್ತೆ ಅಂದರೆ ಕಿವಿ ನೆಟ್ಟಗೆ ಮಾಡ್ತಾನೆ.

ಆದರೆ ತಕರಾರು ಎದ್ದಿತು. ‘ಮದ್ಯ ನಿನಗೆ ಸಲೀಸಾಗಿ ಅರಗುತ್ತೆ’ ಅಂತ ಚೀಟಿ ಕೊಟ್ಟರೆ ಹದಿನೆಂಟರ ಹುಡುಗ ಅದನ್ನು ಲೈಸೆನ್ಸ್ ಅಂದುಕೊಂಡರೆ? ಆಗಸ್ಟ್‌ನಲ್ಲಿ ರಾಜ್ಯದ ಆರೋಗ್ಯ ಇಲಾಖೆ ಖಡಾಖಂಡಿತವಾಗಿ ಹೇಳಿತು: ಒಬ್ಬೊಬ್ಬರಿಗೂ ಫಲಿತಾಂಶ ಕೊಟ್ಟರೆ ಅದು ವೈದ್ಯಕೀಯ ಪರೀಕ್ಷೆ, ಲೈಸೆನ್ಸ್ ಇರುವ ಲ್ಯಾಬಿನಲ್ಲೇ ಆಗಬೇಕು. ಇದು ಬರೀ ಪಾಠ ಎಂದು ವಿಶ್ವವಿದ್ಯಾಲಯ ವಾದಿಸಿತು, ಕೊನೆಗೆ ಬಗ್ಗಿತು. ಎಲ್ಲರದ್ದೂ ಸೇರಿಸಿ ಒಟ್ಟು ಲೆಕ್ಕ ಮಾತ್ರ ಹೇಳಿತು.

ಅದೇ ವರ್ಷ ಪಕ್ಕದ ಸ್ಟ್ಯಾನ್‌ಫರ್ಡ್‌ನಲ್ಲಿ ವೈದ್ಯ ವಿದ್ಯಾರ್ಥಿಗಳ ಒಂದು ತರಗತಿ ನಡೆಯಿತು. ಅಲ್ಲಿ ಸ್ವಂತ ಜೀನು ಬೇಡವೆಂದರೆ ಬೇರೆಯವರ ಬಹಿರಂಗ ಮಾಹಿತಿ ಇಟ್ಟುಕೊಂಡೇ ಕಲಿಯಬಹುದಿತ್ತು. ಇದು ಜಾಣತನ.

ಯಾಕೆಂದರೆ ಜೀನು ಒಬ್ಬನ ಸೊತ್ತಲ್ಲ. ಅರ್ಧ ಅಪ್ಪನದು, ಅರ್ಧ ಅಮ್ಮನದು. ಮಗ ಕಡ್ಡಿ ಉಜ್ಜಿದರೆ ಮನೆಯವರ ಗುಟ್ಟೂ ಕೊಂಚ ಹೊರಬೀಳುತ್ತೆ. ಅಮೆರಿಕದ 2008ರ ಕಾನೂನು ನೌಕರಿ ಕೊಡುವವರಿಗೂ ಆರೋಗ್ಯ ವಿಮೆಯವರಿಗೂ ಈ ಗುಟ್ಟನ್ನು ದುರುಪಯೋಗ ಮಾಡಬೇಡಿ ಅನ್ನುತ್ತೆ. ಜೀವವಿಮೆಯ ಮಾತು ಅದರಲ್ಲಿಲ್ಲ!

ಪಾಠಕ್ಕೆ ತರಗತಿಯ ಒಟ್ಟು ಲೆಕ್ಕ ಸಾಕು. ನೂರು ಜನರಲ್ಲಿ ಎಷ್ಟು ಮಂದಿಗೆ ಹಾಲು ಅರಗದು ಅಂತ ಕಲಿಯಲು ಯಾರ ಹೆಸರೂ ಬೇಕಿಲ್ಲ. ಮಕ್ಕಳ ಕೈಗೆ ಇಂಥ ಕಡ್ಡಿ ಬಂದರೆ ಮೂರು ಮಾತು ಕೇಳಿ: ಫಲಿತಾಂಶ ಯಾರ ಕೈಗೆ? ಎಷ್ಟು ದಿನ ಇಟ್ಟುಕೊಳ್ತೀರಿ? ಬೇಡ ಅಂದರೆ ಮಾರ್ಕ್ಸ್ ಕಟ್ಟಾ?