ಪರದೆಯಲ್ಲೊಂದು ಚಿತ್ರಶಾಲೆ



ನೆದರ್‌ಲೆಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದ ರೈಕ್ಸ್ ಮ್ಯೂಸಿಯಂನಲ್ಲಿ ‘ನೈಟ್ ವಾಚ್’, ಅಂದರೆ ರಾತ್ರಿ ಪಹರೆ, ಎಂಬ ವರ್ಣಚಿತ್ರವಿದೆ. ಡಚ್ ಕಲಾವಿದ ರೆಂಬ್ರಾಂಟ್ ಅದನ್ನು ಮುಗಿಸಿದ್ದು 1642ರಲ್ಲಿ. ನಗರ ಕಾಯುವ ಪಡೆಯೊಂದು ತನ್ನ ನಾಯಕನೊಡನೆ ಹೊರಡುತ್ತಿರುವ ದೃಶ್ಯ. ಎತ್ತರ ಸುಮಾರು 3.8 ಮೀಟರ್, ಅಗಲ 4.5 ಮೀಟರ್. ನಮ್ಮ ಎಷ್ಟೋ ಮನೆಗಳ ಗೋಡೆಗೆ ಅದು ಹಿಡಿಸಲಾರದು! ಅಷ್ಟು ದೂರ ಹೋಗಿ ನೋಡುವ ಅನುಕೂಲ ನಮ್ಮಲ್ಲಿ ಎಷ್ಟು ಮಂದಿಗಿದೆ? ಆದರೆ ಕಾಲೇಜಿನ ಕಂಪ್ಯೂಟರಿನಲ್ಲೋ ಮನೆಯವರ ಮೊಬೈಲಿನಲ್ಲೋ ಮ್ಯೂಸಿಯಂನ ಅಂತರಜಾಲ ತಾಣ ತೆರೆದರೆ ಅದು ನಿಮ್ಮ ಮುಂದಿರುತ್ತದೆ. ಟಿಕೆಟ್ ಬೇಡ.

ನೋಡಬಹುದು, ಸರಿ. ನೋಡಿದ್ದರಿಂದ ನಿಮ್ಮ ಕೈಗೆ, ನಿಮ್ಮ ಕಲ್ಪನೆಗೆ ಏನಾದರೂ ದಕ್ಕುತ್ತದೆಯೇ? ಅದು ಬೇರೆಯೇ ಪ್ರಶ್ನೆ.

ಮೊದಲು ಚಿತ್ರ ಪರದೆಗೆ ಬಂದ ಬಗೆಯನ್ನು ತಿಳಿಯೋಣ. ಈ ಒಂದು ಚಿತ್ರಕ್ಕೆ ತೆಗೆದ ಫೋಟೋಗಳು 8,439. ಒಂದೊಂದು ಫೋಟೋದಲ್ಲೂ 5.5 ಸೆಂಟಿಮೀಟರ್ ಉದ್ದ, 4.1 ಸೆಂಟಿಮೀಟರ್ ಅಗಲದ ತುಣುಕು ಮಾತ್ರ ಬಂದಿದೆ. ಅವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ 2022ರ ಜನವರಿಯಲ್ಲಿ ಪ್ರಕಟಿಸಿದ ಚಿತ್ರದಲ್ಲಿ 71,700 ಕೋಟಿ ಚುಕ್ಕಿಗಳಿವೆ. ಈ ಚುಕ್ಕಿಗಳನ್ನೇ ಪಿಕ್ಸೆಲ್ ಎನ್ನುವುದು. ಎರಡು ಚುಕ್ಕಿಗಳ ಅಂತರ 5 ಮೈಕ್ರೋಮೀಟರ್. ಲೆಕ್ಕ ಹಾಕಿ ನೋಡಿ, ಒಂದು ಮಿಲಿಮೀಟರಿನಲ್ಲಿ 200 ಚುಕ್ಕಿ. ತಲೆಗೂದಲಿನ ದಪ್ಪದಲ್ಲೇ ಹತ್ತಕ್ಕೂ ಹೆಚ್ಚು ಹಿಡಿಸುತ್ತವೆ. ಇಷ್ಟೆಲ್ಲ ಮೊಬೈಲಿಗೆ ಇಳಿಯುವುದು ಹೇಗೆ? ಇಳಿಯುವುದೇ ಇಲ್ಲ. ಚಿತ್ರವನ್ನು ಹಲವು ಗಾತ್ರಗಳಲ್ಲಿ ಚೂರು ಚೂರಾಗಿ ಇಟ್ಟಿರುತ್ತಾರೆ. ನೀವು ಹಿಗ್ಗಿಸಿದ ಜಾಗದ ಚೂರುಗಳಷ್ಟೇ ನಿಮ್ಮ ಪರದೆಗೆ ಬರುತ್ತವೆ.

ಈಗ ಗುಂಪಿನ ನಡುವಿರುವ, ಬೆಳಕು ಬಿದ್ದ ಹಳದಿ ಉಡುಪಿನ ಹುಡುಗಿಯತ್ತ ಹೋಗಿ. ಆಕೆಯ ಸೊಂಟದಲ್ಲೊಂದು ಸತ್ತ ಕೋಳಿ ತೂಗುತ್ತಿದೆ. ಕೋಳಿಯ ಉಗುರು ಆ ಪಡೆಯ ಲಾಂಛನದ ಗುರುತು. ಮ್ಯೂಸಿಯಂನಲ್ಲೇ ನಿಂತು ನೋಡಿದವರಿಗೂ ಇಷ್ಟು ಹತ್ತಿರದಿಂದ ಬಣ್ಣದ ಬಿರುಕುಗಳು ಕಾಣುವುದಿಲ್ಲ. ನಾವು ಟೆಲಿವಿಷನ್‌ನವರು ಕ್ಲೋಸ್-ಅಪ್‌ಗೆ ಇಷ್ಟೊಂದು ಬೆಲೆ ಕೊಡುವುದು ಸುಮ್ಮನೆ ಅಲ್ಲ.

ಇನ್ನು ಸ್ಫೂರ್ತಿಯ ಮಾತು. ಇದನ್ನು ರೆಂಬ್ರಾಂಟನಿಂದಲೇ ಕಲಿಯಬಹುದು. ಆತ ಭಾರತವನ್ನು ನೋಡಿದವನಲ್ಲ. ಆದರೆ ಡಚ್ಚರ ವ್ಯಾಪಾರ ಸಂಪರ್ಕದಿಂದಾಗಿ ಮೊಘಲ್ ಶೈಲಿಯ ಕಿರುಚಿತ್ರಗಳು ಆತನ ಕಣ್ಣಿಗೆ ಬಿದ್ದವು. 1656ರಿಂದ 1661ರವರೆಗಿನ ಅವಧಿಯಲ್ಲಿ ಅವುಗಳನ್ನು ನೋಡಿ ಬರೆದ ಇಪ್ಪತ್ತಕ್ಕೂ ಹೆಚ್ಚು ರೇಖಾಚಿತ್ರಗಳು ಉಳಿದಿವೆ. ಮರದ ಕೆಳಗೆ ಕುಳಿತ ನಾಲ್ವರು ಮುಲ್ಲಾಗಳ ರೇಖಾಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದರ ತಾಣದಲ್ಲೂ ನೋಡಬಹುದು. ಮೂಲದ ಹೊಳೆಯುವ ಬಣ್ಣಗಳನ್ನು ರೆಂಬ್ರಾಂಟ್ ಮುಟ್ಟಲಿಲ್ಲ, ಕಂದು ಶಾಯಿಯಲ್ಲೇ ಬರೆದ. ಆತನಿಗೆ ಬೇಕಾಗಿದ್ದುದು ಅವರು ನೆಲದ ಮೇಲೆ ಕುಳಿತ ಭಂಗಿ. 1656ರಲ್ಲಿ ಆತ ಬೈಬಲಿನ ಅಬ್ರಹಾಮ ದೇವದೂತರನ್ನು ಸತ್ಕರಿಸುವ ಮುದ್ರಣಚಿತ್ರ ಮಾಡಿದಾಗ, ಅತಿಥಿಗಳು ನೆಲದ ಮೇಲೆಯೇ ಕುಳಿತರು. ಈ ಜೋಡಣೆಯ ಹಿಂದೆ ಆ ಮೊಘಲ್ ಚಿತ್ರವಿದೆಯೆಂದು ಕಲಾ ವಿದ್ವಾಂಸರು ಗುರುತಿಸಿದ್ದಾರೆ.

ನೀವೂ ಹಾಗೆಯೇ ಮಾಡಿ. ಒಂದೇ ಸಂಜೆ ನೂರು ಚಿತ್ರ ಸರಿಸಿದರೆ ಬೆರಳು ದಣಿಯುತ್ತದೆ, ಅಷ್ಟೇ. ಒಂದು ಚಿತ್ರ ಆರಿಸಿ, ಹತ್ತು ನಿಮಿಷ ನೋಡಿ, ಪರದೆ ಮುಚ್ಚಿ. ನೆನಪಿನಿಂದ ಪೆನ್ಸಿಲಿನಲ್ಲಿ ಬರೆಯಿರಿ. ಮತ್ತೆ ತೆರೆದು ಹೋಲಿಸಿ. ಬಿಟ್ಟುಹೋದದ್ದು ಯಾವುದು, ನೀವಾಗಿ ಸೇರಿಸಿದ್ದು ಯಾವುದು? ಸೇರಿಸಿದ್ದನ್ನು ಅಳಿಸಬೇಡಿ, ನಿಮ್ಮ ಚಿತ್ರ ಅಲ್ಲಿಂದಲೇ ಶುರುವಾಗಬಹುದು. ಚಿತ್ರ ಬರೆಯಲು ಬಾರದವರು ಆ ಕೋಳಿಯ ಹುಡುಗಿ ಗುಂಪಿನೊಳಗೆ ಹೇಗೆ ಬಂದಳೆಂದು ಒಂದು ಪುಟ ಕಥೆ ಬರೆಯಬಹುದು.

ಪರದೆ ಕೊಡಲಾರದ್ದು ಗಾತ್ರ. ಅಂಗೈಯಗಲದ ಮೊಬೈಲಿನಲ್ಲಿ ಆಳೆತ್ತರದ ನಾಯಕ ಬೆರಳಷ್ಟು ಕೂಡ ಇರುವುದಿಲ್ಲ. ಶಾಲೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಮೇಲೆ ಹೇಳಿದ ಅಳತೆಯ ಚೌಕಟ್ಟು ಎಳೆದು ಅದರೊಳಗೆ ನಿಂತು ನೋಡಿ, ಅಂದಾಜು ಸಿಗುತ್ತದೆ.

ಆ ಚೌಕಟ್ಟು ಮೊದಲು ಇನ್ನೂ ದೊಡ್ಡದಿತ್ತು. 1715ರಲ್ಲಿ ಚಿತ್ರವನ್ನು ಪುರಭವನಕ್ಕೆ ಸಾಗಿಸಿದಾಗ, ಅಲ್ಲಿನ ಗೋಡೆಗೆ ಹೊಂದಲೆಂದು ಅಂಚುಗಳನ್ನು ಕತ್ತರಿಸಿಬಿಟ್ಟರು! ಹೆಚ್ಚು ಹೋದದ್ದು ಎಡಭಾಗ. ಅದಕ್ಕೂ ಮೊದಲು ಗೆರಿಟ್ ಲುಂಡೆನ್ಸ್ ಮಾಡಿದನೆನ್ನಲಾದ ಸಣ್ಣ ನಕಲು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸಂಗ್ರಹಕ್ಕೆ ಸೇರಿದೆ. ಅದನ್ನು ಪರದೆಗೆ ತಂದು, ಎಡ ಅಂಚಿನ ಮೇಲೆ ಕಾಗದದ ಪಟ್ಟಿ ಇಟ್ಟು ತೆಗೆಯಿರಿ. ಪಟ್ಟಿ ಇದ್ದಾಗ ನಾಯಕ ನಟ್ಟನಡುವೆ ನಿಂತಂತೆ ಕಾಣುತ್ತಾನೆ. ತೆಗೆದೊಡನೆ ಆತ ಬಲಕ್ಕೆ ಸರಿಯುತ್ತಾನೆ, ಇಡೀ ಪಡೆ ನಡೆಯತೊಡಗುತ್ತದೆ.