ಕಿಸೆಯ ಚಾಕು: ಅದರ ಸಂಗ್ರಹವೂ ಬಳಕೆಯೂ

ಕಾವ್ಯ ವ್ಯಾಕರಣಗಳ ಬೋಧನೆಯಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ಪಂಡಿತನೊಬ್ಬನು ಚಾಕುವನ್ನು ಕುರಿತು ಬರೆಯಹೊರಟರೆ ವಾಚಕ ಮಹಾಶಯರಿಗೆ ಅದು ವಿಚಿತ್ರವಾಗಿ ತೋರಬಹುದು. ಆದರೆ ಲೇಖನಿಗೂ ಚಾಕುವಿಗೂ ಇರುವ ನಂಟು ಬಹು ಹಳೆಯದು. ಉಕ್ಕಿನ ನಿಬ್ಬು ಬಳಕೆಗೆ ಬರುವುದಕ್ಕೆ ಮೊದಲು ಯುರೋಪಿನವರು ಹಕ್ಕಿಯ ಗರಿಯಿಂದಲೂ ನಮ್ಮವರು ಬೋರು ಎಂಬ ಜೊಂಡಿನ ಕಡ್ಡಿಯಿಂದಲೂ ಬರೆಯುತ್ತಿದ್ದರು. ಬರೆದಂತೆಲ್ಲ ಮೊಂಡಾಗುವ ಆ ಮೊನೆಯನ್ನು ಮತ್ತೆ ಮತ್ತೆ ಕೆತ್ತಿ ಹದಗೊಳಿಸಲು ಸಣ್ಣದೊಂದು ಚಾಕು ಕೈಗೆಟಕುವಂತೆ ಇರಲೇಬೇಕಾಗಿತ್ತು. ಕಿಸೆಯ ಚಾಕುವಿಗೆ ಇಂಗ್ಲಿಷಿನಲ್ಲಿ ಇಂದಿಗೂ ಉಳಿದಿರುವ 'ಪೆನ್‌ನೈಫ್', ಅಂದರೆ ಲೇಖನಿಯ ಚಾಕು, ಎಂಬ ಹೆಸರು ಈ ಕಾರಣದಿಂದಲೇ ಬಂದುದು. ತಾಳೆಗರಿಯ ಮೇಲೆ ಕೊರೆದು ಬರೆಯುವ ಕಂಠವನ್ನೂ ಗರಿಯನ್ನು ಅಳತೆಗೆ ಸವರುವ ಅಲಗನ್ನೂ ಒಂದೇ ಉಪಕರಣದಲ್ಲಿ ಕೂಡಿಸುವ ಪದ್ಧತಿ ದಕ್ಷಿಣ ಭಾರತದಲ್ಲಿಯೂ ಇತ್ತು.

ನನಗೆ ವ್ಯಾಕರಣವನ್ನು ಹೇಳಿಕೊಟ್ಟ ಗುರುಗಳು ಕೊನೆಯವರೆಗೂ ಬೋರಿನಿಂದಲೇ ಬರೆದವರು. ಅವರ ಅಂಗಿಯ ಕಿಸೆಯಲ್ಲಿ ಹಿತ್ತಾಳೆಯ ಹಿಡಿಯ ಮಡಿಸುವ ಚಾಕು ಸದಾ ಇರುತ್ತಿತ್ತು. ಬೋರನ್ನು ಓರೆಯಾಗಿ ಕೆತ್ತಿ, ಮೊನೆಯ ನಡುವೆ ಕೂದಲೆಳೆಯಷ್ಟು ಸೀಳು ಕೊಟ್ಟು, ತುದಿಯನ್ನು ಹಲಗೆಯ ಮೇಲಿಟ್ಟು ಒಂದೇ ಒತ್ತಿನಲ್ಲಿ ಕತ್ತರಿಸುತ್ತಿದ್ದರು. ಎರಡನೆಯ ಒತ್ತು ಬೇಕಾಯಿತೆಂದರೆ ಆ ಬೋರು ಕೆಟ್ಟಿತೆಂದೇ ಅವರ ಲೆಕ್ಕ. ಪಾಠಶಾಲೆಯನ್ನು ಬಿಟ್ಟು ಹೊರಡುವ ದಿನ ಆ ಚಾಕುವನ್ನು ನನಗೆ ಕೊಟ್ಟರು. ಹರಿತವಾದುದನ್ನು ಕೈಯಿಂದ ಕೈಗೆ ಕೊಡಬಾರದೆಂಬ ರೂಢಿಯಂತೆ ಮಡಿಸಿ ನೆಲದ ಮೇಲಿಟ್ಟರು, ನಾನು ಎತ್ತಿಕೊಂಡೆನು. ನನ್ನ ಸಂಗ್ರಹಕ್ಕೆ ಅದೇ ಮೊದಲ ವಸ್ತು.

ಶಬ್ದವಿಚಾರವನ್ನು ಪೂರ್ತಿ ಬಿಟ್ಟರೆ ಪಂಡಿತನಿಗೆ ತೃಪ್ತಿಯಾಗದು. 'ಕತ್ತಿ' ತಮಿಳು ತೆಲುಗು ಮಲಯಾಳಗಳಲ್ಲಿಯೂ ಇರುವ ನಮ್ಮ ಮನೆಯ ಶಬ್ದ. 'ಚೂರಿ' ಸಂಸ್ಕೃತದ ಛುರಿಕೆಯಿಂದ ಬಂದುದು. 'ಚಾಕು' ಪಾರಸಿಯ ಕಡೆಯಿಂದ ಹಿಂದೂಸ್ತಾನಿಯ ಮೂಲಕ ಇಳಿದುದು. ಮಡಿಸಿ ಕಿಸೆಗೆ ಹಾಕುವುದಕ್ಕೆ ನಾವು ಈ ಮೂರನೆಯದನ್ನೇ ಆರಿಸಿಕೊಂಡಿದ್ದೇವೆ.

ಒಂದೇ ಹಿಡಿಯಲ್ಲಿ ಹಲವು ಉಪಕರಣಗಳನ್ನು ಒಟ್ಟುಗೂಡಿಸುವ ಯುಕ್ತಿ ಪಾಶ್ಚಾತ್ಯರದು ಮಾತ್ರವೆಂದು ತಿಳಿಯುವವರು ಕೊಡಗಿನ ಪೀಚೆಕತ್ತಿಯನ್ನು ಒಮ್ಮೆ ನೋಡಬೇಕು. ಕುಪ್ಪಸದ ಮೇಲೆ ಬಿಗಿದ ಚೇಲೆಯಲ್ಲಿ ಕೊಡವರು ಸಿಕ್ಕಿಸಿಕೊಳ್ಳುವ ಈ ಕಿರುಗತ್ತಿಯ ಒರೆಗೆ ಬೆಳ್ಳಿಯ ಸರಪಣಿಗಳಿರುತ್ತವೆ. ಹಳೆಯ ಪೀಚೆಕತ್ತಿಗಳಲ್ಲಿ ಆ ಸರಪಣಿಯ ತುದಿಗೆ ಮುಳ್ಳು ಕೀಳುವ ಚಿಮ್ಮಟ, ಕಿವಿಯ ಗುಗ್ಗೆ ತೆಗೆಯುವ ಕಡ್ಡಿ ಮೊದಲಾದವು ಜೋತಿರುವುದುಂಟು. ಬಯಲುಸೀಮೆಯ ರೈತರು ಇಂಥವೇ ಚಿಮ್ಮಟ ಗುಗ್ಗೆಕಡ್ಡಿಗಳನ್ನು ಉಂಗುರಕ್ಕೆ ಪೋಣಿಸಿ ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದರು. ಎಲೆಯಡಿಕೆಯ ಚಂಚಿಯೊಳಗೆ ಅಡಕತ್ತರಿಯೂ ಸುಣ್ಣದ ಡಬ್ಬಿಯೂ ಇದ್ದೇ ಇರುತ್ತಿದ್ದವು. ಬಹೂಪಯೋಗಿ ಚಾಕುವನ್ನು ಮೊದಲ ಸಲ ಕಂಡಾಗ, ಹಿಡಿಯ ಒಂದು ಮೂಲೆಯಲ್ಲಿ ಚಿಮ್ಮಟವನ್ನೂ ಇನ್ನೊಂದು ಮೂಲೆಯಲ್ಲಿ ಹಲ್ಲುಕಡ್ಡಿಯನ್ನೂ ಅಡಗಿಸಿಟ್ಟಿರುವುದನ್ನು ನೋಡಿ, ನನಗೆ ನಮ್ಮಜ್ಜನ ಉಡಿದಾರವೇ ನೆನಪಾಯಿತು.

ಆ ಚಾಕುವಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಸ್ವಿಟ್ಜರ್ಲೆಂಡಿನ ಸೈನ್ಯವು 1889ರ ಮಾದರಿಯ ಹೊಸ ಬಂದೂಕನ್ನು ಸ್ವೀಕರಿಸಿದಾಗ ಅದನ್ನು ಬಿಚ್ಚಿ ಜೋಡಿಸಲು ತಿರುಪುಳಿ, ಅಂದರೆ ಸ್ಕ್ರೂಡ್ರೈವರು, ಬೇಕಾಯಿತು. ಆಹಾರವು ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದುದರಿಂದ ಡಬ್ಬಿ ತೆರೆಯುವ ಸಾಧನವೂ ಬೇಕಿತ್ತು. ಅಲಗು, ತಿರುಪುಳಿ, ಡಬ್ಬಿ ತೆರೆಯುವ ಸಾಧನ, ತೊಗಲಿಗೆ ರಂಧ್ರ ಕೊರೆಯುವ ಮೊನೆ, ಈ ನಾಲ್ಕನ್ನೂ ಮರದ ಹಿಡಿಯೊಂದರಲ್ಲಿ ಕೂಡಿಸಿ ಸೈನಿಕನ ಚಾಕುವನ್ನು ನಿರ್ಧರಿಸಲಾಯಿತು. ಆದರೆ ಅಷ್ಟು ಸಂಖ್ಯೆಯಲ್ಲಿ ಮಾಡಿಕೊಡಬಲ್ಲ ಕಾರ್ಖಾನೆ ಆ ದೇಶದಲ್ಲಿರಲಿಲ್ಲ. ಮೊದಲ ಚಾಕುಗಳು ಜರ್ಮನಿಯ ಸೋಲಿಂಗೆನ್ ಪಟ್ಟಣದಿಂದ ಬಂದವು. ತನ್ನ ದೇಶದ ಸೈನಿಕನ ಚಾಕು ಪರದೇಶದಿಂದ ಬರುವುದನ್ನು ಸಹಿಸದವನು ಕಾರ್ಲ್ ಎಲ್ಸೆನರ್. ಷ್ವೀಟ್ಸ್ ಪ್ರಾಂತದ ಈಬಾಖ್ ಗ್ರಾಮದಲ್ಲಿ 1884ರಿಂದ ಕತ್ತಿ ಚೂರಿಗಳನ್ನು ಮಾಡುತ್ತಿದ್ದ ಈ ಕುಶಲಕರ್ಮಿ ಸ್ವದೇಶದ ಕಸಬುದಾರರನ್ನು ಸಂಘಟಿಸಿ 1891ರಲ್ಲಿ ಸೈನ್ಯಕ್ಕೆ ಚಾಕುಗಳನ್ನು ಒದಗಿಸಿದನು. ಸೋಲಿಂಗೆನ್ನಿನ ಅಗ್ಗದ ಬೆಲೆಯೊಡನೆ ಸ್ಪರ್ಧಿಸಲಾರದೆ ದಿವಾಳಿಯ ಅಂಚಿಗೂ ಹೋದನು. ಬಂಧುಗಳ ನೆರವಿನಿಂದ ಉಳಿದುಕೊಂಡು 1897ರ ಜೂನ್ 12ರಂದು ಇನ್ನೂ ಹಗುರವಾದ, ಹೆಚ್ಚು ಉಪಕರಣಗಳುಳ್ಳ 'ಅಧಿಕಾರಿಯ ಚಾಕು'ವನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿದನು. ಹಿಡಿಯ ಬೆನ್ನಿನ ಒಂದೇ ಸ್ಪ್ರಿಂಗಿನಿಂದ ಎರಡೂ ಕಡೆಯ ಅಲಗುಗಳನ್ನು ನಿಲ್ಲಿಸಿದುದೇ ಅವನ ಮುಖ್ಯ ಯುಕ್ತಿ. ಇದರಿಂದ ಅಷ್ಟೇ ದಪ್ಪದ ಹಿಡಿಯಲ್ಲಿ ಇಮ್ಮಡಿ ಉಪಕರಣಗಳಿಗೆ ಎಡೆಯಾಯಿತು. 1909ರಲ್ಲಿ ತೀರಿಕೊಂಡ ತಾಯಿ ವಿಕ್ಟೋರಿಯಾಳ ಹೆಸರನ್ನು ಅವನು ಕಾರ್ಖಾನೆಗೆ ಇಟ್ಟನು. ತುಕ್ಕು ಹಿಡಿಯದ ಉಕ್ಕು ಬಳಕೆಗೆ ಬಂದ ಮೇಲೆ 1921ರಲ್ಲಿ ಆ ಉಕ್ಕಿನ ಫ್ರೆಂಚ್ ಹೆಸರಿನ ಭಾಗವನ್ನು ತಾಯಿಯ ಹೆಸರಿಗೆ ಸೇರಿಸಿ 'ವಿಕ್ಟೋರಿನಾಕ್ಸ್' ಎಂದಾಯಿತು. ಮಾತೃಭಕ್ತಿಯೂ ಲೋಹಶಾಸ್ತ್ರವೂ ಸಂಧಿಯಾಗಿರುವ ಇಂಥ ಪದ ಬೇರೊಂದು ನನಗೆ ಕಂಡಿಲ್ಲ.

ಈ ಚಾಕುವಿನಲ್ಲಿ ಆಗ ಇಲ್ಲದಿದ್ದುದು ಇಕ್ಕಳ. ಅಮೆರಿಕದ ಟಿಮ್ ಲೆದರ್‌ಮನ್ ಎಂಬ ಯುವಕನು 1975ರಲ್ಲಿ ಹೆಂಡತಿಯೊಡನೆ ಹಳೆಯ ಫಿಯಟ್ ಕಾರಿನಲ್ಲಿ ಯುರೋಪನ್ನು ಸುತ್ತುತ್ತಿದ್ದಾಗ, ಕೆಡುವ ಕಾರಿಗೂ ಸೋರುವ ನಲ್ಲಿಗಳಿಗೂ ಕಿಸೆಯ ಚಾಕು ಸಾಲದೆಂಬುದನ್ನು ಕಂಡುಕೊಂಡನು. ಊರಿಗೆ ಮರಳಿ ಇಕ್ಕಳವನ್ನೇ ನಡುವೆ ಇಟ್ಟು ಉಳಿದುವನ್ನು ಅದರ ಹಿಡಿಗಳಲ್ಲಿ ಅಡಗಿಸಿದ ಉಪಕರಣವನ್ನು ರೂಪಿಸಿದನು. ಕಂಪನಿಗಳು ತಿರಸ್ಕರಿಸುತ್ತಲೇ ಹೋದವು. 1983ರಲ್ಲಿ ಅದು ಮಾರಾಟಕ್ಕೆ ಬಂದಿತು. ಇಂದು 'ಮಲ್ಟಿಟೂಲ್' ಎಂದು ಕರೆಯುವ ಉಪಕರಣಗಳಿಗೆ ಅದೇ ಮಾದರಿ. ಸೈಕಲ್ಲಿನ ಬ್ರೇಕಿನ ತಂತಿ, ಪಂಪಿನ ಸಡಿಲ ನಟ್ಟು ಇವುಗಳಿಗೆ ಅದು ಉತ್ತಮ. ಹಣ್ಣು ಕೊಯ್ಯಲು, ಪೆನ್ಸಿಲ್ ಹೆರೆಯಲು ತೆಳ್ಳನೆಯ ಚಾಕುವೇ ಮೇಲೆಂದು ನನ್ನ ಅಭಿಪ್ರಾಯ. ಭಾರವಾದ ಉಪಕರಣವು ಕಿಸೆಗೆ ತೂತು ಮಾಡುವುದಲ್ಲದೆ ಬಹುಬೇಗ ಮನೆಯ ಗೂಡಿನಲ್ಲಿಯೇ ಉಳಿಯತೊಡಗುತ್ತದೆ.

ಬಳಸುವವರು ಯಂತ್ರದ ರಹಸ್ಯವನ್ನು ತಿಳಿದಿರಬೇಕು. ಸಾಮಾನ್ಯ ಮಡಿಸುವ ಚಾಕುವಿಗೆ ಬೀಗವಿಲ್ಲ. ಅಲಗಿನ ಬುಡದ ಚಪ್ಪಟೆ ಭಾಗವನ್ನು ಬೆನ್ನಿನ ಸ್ಪ್ರಿಂಗು ಒತ್ತಿ ಹಿಡಿದಿರುವುದರಿಂದ ಮಾತ್ರ ಅದು ನೆಟ್ಟಗೆ ನಿಲ್ಲುತ್ತದೆ. ಆದುದರಿಂದ ಮೊನೆಯಿಂದ ಚುಚ್ಚಿ ಒತ್ತಿದರೆ, ಅಥವಾ ಅಲಗಿನ ಬೆನ್ನಿನಿಂದ ಬಡಿದರೆ, ಅದು ಬೆರಳ ಮೇಲೆಯೇ ಮಡಿಚಿಕೊಳ್ಳುತ್ತದೆ. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ತಿರುಗುವ ಬಳೆಯೊಂದನ್ನು ಸೇರಿಸಿದುದು ಈ ಅಪಾಯವನ್ನು ತಪ್ಪಿಸಲೆಂದೇ. ಮೊಂಡು ಚಾಕು ಹರಿತವಾದುದಕ್ಕಿಂತ ಹೆಚ್ಚು ಕೈ ಕೊಯ್ಯುತ್ತದೆ ಎಂದರೆ ಮಕ್ಕಳು ನಗುತ್ತಾರೆ. ಮೊಂಡಾದುದನ್ನು ಬಲವಂತವಾಗಿ ಒತ್ತುತ್ತೇವೆ, ಒತ್ತಿದುದು ಜಾರುತ್ತದೆ. ಸಾಣೆಕಲ್ಲಿನ ಮೇಲೆ ಅಲಗನ್ನು 15ರಿಂದ 20 ಡಿಗ್ರಿಗಳಷ್ಟು ಎತ್ತಿ ಎರಡೂ ಮಗ್ಗುಲನ್ನು ಸಮನಾಗಿ ತೀಡಬೇಕು. ಕೀಲಿಗೆ ಕೊಬ್ಬರಿ ಎಣ್ಣೆ ಬೇಡ, ಅದು ಕ್ರಮೇಣ ಅಂಟಾಗುತ್ತದೆ. ಹೊಲಿಗೆಯಂತ್ರದ ಎಣ್ಣೆ ಒಂದು ಹನಿ ಸಾಕು.

ಇನ್ನು ಸಂಗ್ರಹದ ವಿಷಯ. ನನ್ನಲ್ಲಿ ಈಗ ಇಪ್ಪತ್ತೆರಡು ಚಾಕುಗಳಿವೆ. ಬೆಲೆಬಾಳುವಂಥದು ಯಾವುದೂ ಇಲ್ಲ. ಜಾತ್ರೆಗಳಲ್ಲಿ, ಹಳೆಯ ಸಾಮಾನಿನ ಸಂತೆಗಳಲ್ಲಿ ಕೊಂಡವೇ ಹೆಚ್ಚು. ಸಂಗ್ರಹಕಾರನು ಮಾಡಬಾರದ ತಪ್ಪನ್ನು ನಾನು ಎಲ್ಲಕ್ಕಿಂತ ಪ್ರಿಯವಾದ ಚಾಕುವಿನ ವಿಷಯದಲ್ಲಿಯೇ ಮಾಡಿದೆನು. ಗುರುಗಳ ಚಾಕುವನ್ನು ಬಳಸಿದರೆ ಸವೆದೀತೆಂದು ಹೆದರಿ, ಚರ್ಮದ ಚೀಲವೊಂದನ್ನು ಹೊಲಿಸಿ, ಅದರೊಳಗೆ ಹಾಕಿ ಪೆಟ್ಟಿಗೆಯಲ್ಲಿಟ್ಟೆನು. ಪ್ರತಿವರ್ಷ ಆಯುಧಪೂಜೆಯ ದಿನ ಚೀಲಸಮೇತ ತೆಗೆದು, ಚೀಲಕ್ಕೇ ವಿಭೂತಿ ಹಚ್ಚಿ ಹೂವೇರಿಸಿ, ಮತ್ತೆ ಒಳಗಿಡುತ್ತಿದ್ದೆನು. ಹನ್ನೊಂದು ವರ್ಷ ಹೀಗೆ ನಡೆಯಿತು. ಕಡೆಗೊಮ್ಮೆ ಮಿತ್ರರೊಬ್ಬರಿಗೆ ತೋರಿಸಲೆಂದು ಬಿಚ್ಚಿದಾಗ ಅಲಗು ತೆರೆಯಲೇ ಇಲ್ಲ. ಹಿತ್ತಾಳೆಯ ಹಿಡಿಯ ಮೇಲೆ ಹಸಿರು ಕಿಲುಬು. ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿದ ಮೇಲೆ ಹೊರಬಂದ ಅಲಗಿನಲ್ಲಿ ಕೆಂಪು ತುಕ್ಕು. ಚರ್ಮವು ಗಾಳಿಯ ತೇವವನ್ನು ಹೀರಿ ಹಿಡಿದಿಡುತ್ತದೆ, ಹದಮಾಡುವಾಗ ಸೇರಿದ ಒಗರು ದ್ರವ್ಯಗಳು ಲೋಹವನ್ನು ತಿನ್ನುತ್ತವೆ ಎಂಬುದು ಆಮೇಲೆ ತಿಳಿಯಿತು. ಹಳೆಯ ಇಂಗಾಲದ ಉಕ್ಕಿಗೆ ಇದು ವಿಷಸಮಾನ. ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿ ಮಾಡಿದ ಉಕ್ಕಿನ ಸಂತತಿಗೆ ಇಷ್ಟು ಭಯವಿಲ್ಲ. ಮಾವಿನಕಾಯಿ ಕೊಯ್ದಾಗ ಹಳೆಯ ಅಲಗು ಕಪ್ಪಾಗುವುದನ್ನು ಕಂಡು ಕೆಲವರು ಕೆಟ್ಟಿತೆಂದು ತಿಕ್ಕುತ್ತಾರೆ. ಆ ಕಪ್ಪು ತುಕ್ಕಲ್ಲ, ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುವ ಪೊರೆ. ದಿನವೂ ಬಳಸಿ ಒರೆಸುತ್ತಿದ್ದ ಗುರುಗಳ ಕೈಯಲ್ಲಿ ಆ ಚಾಕುವಿಗೆ ಏನೂ ಆಗಿರಲಿಲ್ಲ. ಸಾಣೆ ಹಿಡಿದ ಮೇಲೂ ಅದರಲ್ಲಿ ಮೂರು ಗುಳಿಗಳು ಉಳಿದಿವೆ.

ಚಾಕುವಿಗೆ ಸಮಾಜದಲ್ಲಿ ಅಪಕೀರ್ತಿಯೂ ಉಂಟು. ರಾಂಪುರದ ನುರಿತ ಕಮ್ಮಾರರ ಕೈಕೆಲಸವನ್ನು ಹಿಂದಿ ಚಲಚ್ಚಿತ್ರಗಳ ಖಳನಾಯಕರು ಮಲಿನಗೊಳಿಸಿದರು. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು ಆಯುಧವೆಂದು ಎಣಿಸುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು. ಅದರಲ್ಲಿಯೂ ಮನೆ ಹೊಲಗಳ ಕೆಲಸದವುಗಳಿಗೆ ವಿನಾಯಿತಿ ಇದೆ. ಕಿಸೆಯ ಚಾಕು ಈ ಅಳತೆಗೆ ಬಹಳ ಕೆಳಗಿನದು. ಆದರೂ ವಿಮಾನದಲ್ಲಿ ಜೊತೆಗೊಯ್ಯಲಾಗದು, ಸಭೆಗಳ ಬಾಗಿಲಲ್ಲಿ ಕೇಳಿದರೆ ಒಪ್ಪಿಸುವುದೇ ಮರ್ಯಾದೆ. 2024ರಲ್ಲಿ ಸ್ವಿಸ್ ಕಾರ್ಖಾನೆಯವರೇ ಅಲಗಿಲ್ಲದ ಕಿಸೆಯ ಉಪಕರಣವನ್ನು ರೂಪಿಸುತ್ತಿರುವುದಾಗಿ ತಿಳಿಸಿದರು.

ಮಕ್ಕಳ ಚೀಲದಲ್ಲಿ ಚಾಕು ಇರಬಾರದೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂಬತ್ತನೆಯ ತರಗತಿಯವರೆಗೂ ಒಮ್ಮೆಯೂ ಚಾಕು ಹಿಡಿಯದ ಕೈ ಒಮ್ಮೆಲೇ ಹಿಡಿದಾಗ ಏನಾಗುತ್ತದೆ ಎಂಬುದನ್ನು ಶಿಕ್ಷಕ ಮಿತ್ರರು ಬಲ್ಲರು. ಕಳೆದ ವರ್ಷ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು, ಐದು ಚಾಕುಗಳನ್ನು ಎಣಿಸಿ ಕೊಟ್ಟು, ಎಣಿಸಿ ಹಿಂದಕ್ಕೆ ಪಡೆದು, ಹಳೆಗನ್ನಡದ ಪಾಠದ ಬಳಿಕ ಬೋರು ಕೆತ್ತುವುದನ್ನು ಕಲಿಸಿದೆನು. ನಾಲ್ವರ ಬೋರು ಸೀಳಿಹೋದವು. ಐದನೆಯ ಹುಡುಗ ಗುಳಿಬಿದ್ದ ಆ ಚಾಕುವಿನಿಂದಲೇ ಮೊನೆಯನ್ನು ಒಂದೇ ಒತ್ತಿನಲ್ಲಿ ಕತ್ತರಿಸಿ, ಮಸಿಯಲ್ಲಿ ಅದ್ದಿ, ತನ್ನ ಹೆಸರನ್ನು ಬರೆದನು.

ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮನೆಗಳಲ್ಲಿ ಪೀಚೆಕತ್ತಿ, ಕಂಠ, ಚಿಮ್ಮಟದ ಗೊಂಚಲು ಅಥವಾ ಹಿರಿಯರ ಮಡಿಸುವ ಚಾಕು ಇದ್ದರೆ ದಯವಿಟ್ಟು ಒಮ್ಮೆ ತೋರಿಸಬೇಕೆಂದು ವಿನಂತಿಸುತ್ತೇನೆ. ಅವು ಚರ್ಮದ ಚೀಲದಲ್ಲಿದ್ದರೆ ಇಂದೇ ಹೊರಗೆ ತೆಗೆಯಿರಿ.